ಬಾಡಿಗೆ ಯಂತ್ರದಲ್ಲಿದ್ದ ನಡಿಗೆ

ಕಾರ್ಯಾಗಾರದ ಬಾಗಿಲು ತೆರೆದವಳು ಹೆಗಲ ಚೀಲ ಇಳಿಸುವ ಮೊದಲೇ ಪರದೆ ನೋಡಿದಳು. ರಾತ್ರಿ ಓಡಲು ಬಿಟ್ಟುಹೋಗಿದ್ದ ಲೆಕ್ಕ ಮುಗಿದಿರಬೇಕಿತ್ತು. ಕೃತಕ ಕಾಲಿಗಾಗಿ ಬರುತ್ತಿದ್ದ ಟೀಚರ್ ನಡೆಯುವಾಗ ಕಾಲಿನ ಯಾವ ಭಾಗಕ್ಕೆ ಎಷ್ಟು ಒತ್ತಡ ಬೀಳುತ್ತದೆಂದು ಕೆಂಪು, ಹಳದಿಯಲ್ಲಿ ತೋರಿಸುವ ಚಿತ್ರ ಅಲ್ಲಿರಬೇಕಿತ್ತು. ಇದ್ದದ್ದು ಒಂದೇ ಸಾಲು: ಚಾಲನೆಯಲ್ಲಿ ಯಾವ ಯಂತ್ರವೂ ಇಲ್ಲ.

ನಿಂತೇ ಕೀಲಿಯನ್ನು ಮತ್ತೆ ಮತ್ತೆ ಒತ್ತಿದಳು. ಅದೇ ಸಾಲು.

ಒಳಕೋಣೆಯಿಂದ ಉಜ್ಜುಕಾಗದದ ಸದ್ದು ಬರುತ್ತಿತ್ತು. ಚಿಕ್ಕಪ್ಪ ಪ್ಲಾಸ್ಟರಿನ ಅಚ್ಚೊಂದನ್ನು ತೊಡೆಯ ಮೇಲಿಟ್ಟುಕೊಂಡು ನುಣುಪು ಮಾಡುತ್ತಿದ್ದರು. ಹುಬ್ಬಿನವರೆಗೂ ಬಿಳಿ ಪುಡಿ.

"ಚಿಕ್ಕಪ್ಪಾ, ಯಂತ್ರ ನಿಲ್ಲಿಸಿದ್ರಾ?"

"ಹೂಂ. ನಾನೇ." ದನಿಯಲ್ಲಿ ಸಣ್ಣ ಹೆಮ್ಮೆ. "ನೀನು ಮರ್ತು ಹೋಗಿದ್ದೆ. ರಾತ್ರಿ ಮನೇಲಿ ಫೋನ್ ತೆಗೆದ್ರೆ ಹಸಿರು ಚುಕ್ಕಿ ಹಾಗೇ ಉರೀತಿದೆ. ತುತ್ತು ಗಂಟಲಲ್ಲಿ ಇಳೀಲಿಲ್ಲ ಕಣೇ. ಆರಿಸ್ದೆ, ಆಮೇಲೇ ಊಟ ಸೇರಿದ್ದು."

"ಅದು ಕೆಲಸ ಮಾಡ್ತಿತ್ತು."

"ಯಾರೂ ಇಲ್ದೇನಾ?"

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಕೃತಕ ಕಾಲು ಮಾಡುವುದು ಚಿಕ್ಕಪ್ಪನ ಕಸುಬು. ಎಂಜಿನಿಯರಿಂಗ್ ಓದಿದ ಅವಳು ಕಂಪ್ಯೂಟರ್ ಸಮೇತ ಅವರ ಜೊತೆ ಸೇರಿಕೊಂಡಿದ್ದಳು. ಆ ಕಂಪ್ಯೂಟರ್ ಪ್ಲಾಸ್ಟರಿನ ಪುಡಿ ಕುಡಿದು ಕುಡಿದು ಕೆಮ್ಮುವ ಮುದುಕನಂತಾಗಿತ್ತು. ಅದನ್ನು ಸಾಗಹಾಕಿ, ದೊಡ್ಡ ಲೆಕ್ಕಗಳಿಗೆ ದೂರದ ಯಂತ್ರಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಳು. ಎಲ್ಲರೂ ಕ್ಲೌಡ್ ಎನ್ನುವುದನ್ನು ಚಿಕ್ಕಪ್ಪ ಮೋಡ ಎನ್ನುತ್ತಿದ್ದರು. ಯಂತ್ರ ಓಡುತ್ತಿದ್ದರೆ ಅವರ ಫೋನಿನಲ್ಲೂ ಹಸಿರು ಚುಕ್ಕಿ ಕಾಣುವಂತೆ, ಒತ್ತಿದರೆ ಆರುವಂತೆ ಮಾಡಿಕೊಟ್ಟವಳು ಅವಳೇ. ಕಣ್ಣಿಗೆ ಕಾಣದ್ದರ ಮೇಲೆ ಅವರಿಗೆ ಸ್ವಲ್ಪ ನಂಬಿಕೆ ಬರಲೆಂದು.

"ನೀನೇ ಹೇಳಿದ್ಯಲ್ಲ," ಚಿಕ್ಕಪ್ಪ ಉಜ್ಜುವುದನ್ನು ನಿಲ್ಲಿಸಿದರು, "ನಲ್ಲಿ ಇದ್ದ ಹಾಗೆ ಅಂತ. ಬೇಕಾದಾಗ ತಿರುಗ್ಸೋದು, ಬೇಡ ಅಂದ್ರೆ ಮುಚ್ಚೋದು. ಮುಂದೆ ಎಲ್ಲಾರ ಮನೇಗೂ ಕರೆಂಟ್ ಬಂದ ಹಾಗೇ ಬರುತ್ತೆ ಅಂದೆ."

ಹೇಳಿದ್ದಳು. ಆ ಮಾತು ಅವಳಿಗೆ ತುಂಬ ಹಿಡಿಸಿತ್ತು, ಬಂದವರಿಗೆಲ್ಲ ಹೇಳುತ್ತಿದ್ದಳು. ಮುಚ್ಚಿದ ನಲ್ಲಿಯ ಹಿಂದೆ ನೀರು ಕಾದುಕೊಂಡಿರುತ್ತದೆ. ಇಲ್ಲಿ ಹಾಗಲ್ಲ. ಲೆಕ್ಕ ಮುಗಿದ ಮೇಲಷ್ಟೇ ಎಲ್ಲವೂ ಭದ್ರವಾದ ಜಾಗಕ್ಕೆ ಹೋಗಲಿ ಎಂದು ಅವಳು ಏರ್ಪಾಡು ಮಾಡಿದ್ದಳು. ಅಲ್ಲಿಯವರೆಗೆ ಟೀಚರ ನಡಿಗೆಯ ಅಳತೆಯೆಲ್ಲ ಬಾಡಿಗೆ ಯಂತ್ರದ ಮಡಿಲಲ್ಲೇ ಇತ್ತು. ಯಂತ್ರವನ್ನು ಹಿಂದಿರುಗಿಸಿದ ಕೂಡಲೇ ಮಡಿಲು ಕೊಡವಿಬಿಡುತ್ತಾರೆ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆದರೂ ಯಂತ್ರ ಬಾಡಿಗೆಗೆ ಕೊಟ್ಟ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ದನಿ ಬಹಳ ಸೌಜನ್ಯದಿಂದ, ಆ ಯಂತ್ರ ಈಗ ಬೇರೆ ಗ್ರಾಹಕರ ಬಳಿ ಇದೆ ಎಂದಿತು. ಯಾರ ಬಳಿ, ಎಲ್ಲಿ ಎಂದು ಕೇಳುವುದರಲ್ಲಿ ಅರ್ಥವಿರಲಿಲ್ಲ. ಕೇಳಿದಳು. ಹೇಳಲು ಬರುವುದಿಲ್ಲ ಎಂದಿತು ದನಿ. ಬೇಕಿದ್ದರೆ ನಮ್ಮಲ್ಲಿ ಕೃತಕ ಕಾಲಿಗೆ ಸಿದ್ಧ ಮಾದರಿಯಿದೆ, ಸಾವಿರಾರು ಜನರ ನಡಿಗೆಯಿಂದ ತೆಗೆದದ್ದು, ಅಳತೆಯ ಅಗತ್ಯವೇ ಇಲ್ಲ ಎಂದೂ ಸೇರಿಸಿತು.

ಅವಳು ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಟೀಚರ್ ಬರುವ ಹೊತ್ತಾಗಿತ್ತು.

ಟೀಚರ್ ಶಾಲೆಯಲ್ಲಿ ಡ್ರಿಲ್ ಮಾಡಿಸುವವರು. ಒಂದು ಕಾಲು ಮೊಣಕಾಲ ಕೆಳಗೆ ಇರಲಿಲ್ಲ. ಉಳಿದ ಮೋಟು ಕೂರುವ ಬಟ್ಟಲಿಗೆ ಸಾಕೆಟ್ ಎನ್ನುತ್ತಾರೆ. ಇಲ್ಲಿ ಮಾಡಿಕೊಟ್ಟ ಎರಡು ಸಾಕೆಟ್ಟುಗಳೂ ಅವರನ್ನು ಕಚ್ಚಿದ್ದವು. ಮೂರನೆಯದೂ ಆಗದಿದ್ದರೆ ಊರುಗೋಲೇ ಸಾಕು, ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿಯಾಗಿತ್ತು. ಎಲ್ಲಿ ಕಚ್ಚುತ್ತದೆಂದು ಅಳೆಯಲು, ಆ ಕಚ್ಚುವ ಸಾಕೆಟ್ಟಿನೊಳಗೇ ತೆಳ್ಳನೆಯ ಪಟ್ಟಿಗಳನ್ನಿಟ್ಟು ಅವರನ್ನು ನಡೆಸಿದ್ದಳು. ಅವರು ಮೆಟ್ಟಿಲು ಹತ್ತಿ ಇಳಿದಿದ್ದರು. ಬಿಚ್ಚಿದಾಗ ಕಾಲುಚೀಲಕ್ಕೆ ರಕ್ತ ಅಂಟಿತ್ತು. ಇನ್ನೊಂದು ಹೆಜ್ಜೆಯನ್ನೂ ನೀವು ಇದರಲ್ಲಿ ಇಡಬೇಕಾಗಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

"ಆ ಸಿದ್ಧ ಮಾದರಿಯಲ್ಲೇ ಮಾಡ್ಬಿಡು," ಚಿಕ್ಕಪ್ಪ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು. "ಅವ್ರಿಗೇನು ಗೊತ್ತಾಗುತ್ತೆ? ಸರಿ ಹೋದ್ರೂ ಹೋಗ್ಬಹುದು."

ಹೋಗಬಹುದಿತ್ತು. ಅದೇ ಅವಳನ್ನು ಕಾಡಿದ್ದು. ಮುಂದೊಂದು ದಿನ ಎಲ್ಲ ಕಾರ್ಯಾಗಾರಗಳಿಗೂ ಕಾಲಿನ ಆಕಾರ ಒಂದೇ ಕಡೆಯಿಂದ ಹರಿದು ಬರುತ್ತದೆ, ಹೆಚ್ಚಿನವರಿಗೆ ಚೆನ್ನಾಗಿಯೇ ಒಪ್ಪುತ್ತದೆ. ಒಪ್ಪದವರು ತಮ್ಮ ಕಾಲೇ ಸರಿಯಿಲ್ಲವೇನೋ ಅಂದುಕೊಂಡು ಸುಮ್ಮನಾಗುತ್ತಾರೆ. ಆ ಸುಮ್ಮನಾಗುವಿಕೆ ಯಾವ ಪರದೆಯ ಮೇಲೂ ಕಾಣುವುದಿಲ್ಲ.

ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿಸಿತು.

"ಏನ್ ಯಜಮಾನ್ರೇ, ಮೋಡದಿಂದ ನನ್ ಕಾಲು ಉದುರ್ತಾ?" ಟೀಚರ ಗಂಟಲು ಮೈದಾನದ್ದು, ಆ ಕೋಣೆಗೆ ದೊಡ್ಡದಾಯಿತು.

ಚಿಕ್ಕಪ್ಪ ನಗಲಿಲ್ಲ. ಟೀಚರ್ ಇಬ್ಬರ ಮುಖವನ್ನೂ ನೋಡಿ ಕುರ್ಚಿಯಲ್ಲಿ ಕೂತರು.

"ನಿಮ್ಮ ನಡಿಗೆ ಹೋಯ್ತು ಟೀಚರ್," ಅವಳೆಂದಳು. "ಲೆಕ್ಕ ಮುಗಿಯೋ ಮುಂಚೆ ಯಂತ್ರ ನಿಂತು ಹೋಯ್ತು. ಅಳತೆನೂ ಅದರ ಜೊತೆಗೇ ಹೋಯ್ತು."

"ನಿಂತು ಹೋಗ್ಲಿಲ್ಲ," ಚಿಕ್ಕಪ್ಪ ನೆಲ ನೋಡುತ್ತ ಹೇಳಿದರು. "ನಾನು ಆರಿಸ್ದೆ."

"ಆರಿಸ್ದ್ರೆ ಹೋಗುತ್ತೆ ಅಂತ ನಾನು ಇವರಿಗೆ ಹೇಳಿರ್ಲಿಲ್ಲ."

"ಪರವಾಗಿಲ್ವೇ, ತಪ್ಪನ್ನ ಇಬ್ರೂ ಚೆನ್ನಾಗಿ ಹಂಚ್ಕೊಂಡಿದೀರ," ಎಂದರು ಟೀಚರ್. "ನೋವು ಮಾತ್ರ ಒಬ್ಬಳದ್ದೇ."

ಗಾಳಿಗೆ ಕಿಟಕಿಯ ಕೊಂಡಿ ಅಲ್ಲಾಡುತ್ತಿತ್ತು. ಅವಳು ಅದನ್ನು ಸಿಕ್ಕಿಸಿ ಬಂದಳು.

"ರೆಡಿಮೇಡ್ ಒಂದಿದೆ," ಕೊನೆಗೆ ಹೇಳಿದಳು. "ಬೇರೆಯವರ ನಡಿಗೆಗಳಿಂದ ಮಾಡಿದ್ದು. ನೀವು ನಡೆಯೋದು ಬೇಕಾಗಲ್ಲ."

"ಅದು ಕಚ್ಚಲ್ವಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಇಲ್ಲಿ ಯಾರೂ ಹೇಳಿರ್ಲಿಲ್ಲ ಇಲ್ಲೀವರೆಗೆ," ಎಂದರು ಟೀಚರ್. ಸೀರೆಯಂಚನ್ನು ಮೇಲಕ್ಕೆ ಸರಿಸಿಕೊಂಡರು. ಆಮೇಲೆ ಕೈ ಚಾಚಿದರು. "ಕೊಡಿ ಆ ಪೀಡೇನ."

ಚಿಕ್ಕಪ್ಪ ಹಳೆಯ ಸಾಕೆಟ್ ತಂದರು. ಅವಳು ಪಟ್ಟಿಗಳನ್ನು ಕೂರಿಸಿದಳು. ಈ ಸಲ ಅಳತೆ ಬಂದ ಹಾಗೆಲ್ಲ ಭದ್ರವಾದ ಜಾಗಕ್ಕೆ ಸೇರುವಂತೆ ಮಾಡಿ, ಸೇರುತ್ತಿದೆಯೇ ಎಂದು ಪರೀಕ್ಷಿಸಿದಳು, ಮತ್ತೆ ಪರೀಕ್ಷಿಸಿದಳು.

ಟೀಚರ್ ಗೋಡೆ ಹಿಡಿದು ನಡೆದರು. ಕಾರಿಡಾರಿನ ತುದಿ ಮುಟ್ಟುವಷ್ಟರಲ್ಲಿ ಹೆಜ್ಜೆ ಒಂದು ಕಡೆಗೆ ವಾಲತೊಡಗಿತು. ತಿರುಗಿ ಬಂದರು. ಕತ್ತಿನ ನರ ಎದ್ದು ಕಾಣುತ್ತಿತ್ತು. ಚಿಕ್ಕಪ್ಪ ನೋಡಲಾರದೆ ಒಳಕೋಣೆಗೆ ಹೋದರು, ಅಲ್ಲಿಯೂ ಇರಲಾರದೆ ಹೊರಗೆ ಬಂದರು.

"ಸಾಕು ಟೀಚರ್," ಅವಳೆಂದಳು.

ಅವರು ನಿಂತರು. ಉಸಿರು ದೊಡ್ಡದಾಗಿ ಕೇಳುತ್ತಿತ್ತು. "ಯಾರಿಗೆ ಸಾಕು? ನಿಂಗಾ, ಅದಕ್ಕಾ?"

ಅವಳು ಪರದೆ ನೋಡಿದಳು. ಸಮನೆಲದ ಹೆಜ್ಜೆಗಳೆಲ್ಲ ಬಂದಿದ್ದವು. ಹಿಂದಿನ ಸಾಕೆಟ್ಟುಗಳೆರಡೂ ಕಚ್ಚಿದ್ದು ಮೆಟ್ಟಿಲಿನಲ್ಲಿ.

"ನನಗೆ," ಎಂದಳು. "ಅದಕ್ಕೆ ಸಾಕಾಗಿಲ್ಲ."

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಕಡೆಗೆ ತಿರುಗಿದರು.