ಡಾಕ್ಟರರನ್ನು ನೇರವಾಗಿ ನೋಡಿರಿ

ಬೈಲಹೊಂಗಲದ ನಮ್ಮ ನರ್ಸಿಂಗ್ ಶಾಲೆಯಲ್ಲಿ ನೇರ ಪ್ರಸಾರ ಆಗಲೇಬೇಕೆಂದು ಹಟ ಹಿಡಿದವಳು ಅಲ್ಲಿ ಪಾಠ ಹೇಳುತ್ತಿದ್ದ ನಾನು. 2008ರ ಮಾತು. ಶಾಲೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಬೆಂಗಳೂರಿನ ಹೃದಯ ತಜ್ಞರೊಬ್ಬರು ಎದೆ ಬಡಿಯುವ ಗೊಂಬೆಯನ್ನಿಟ್ಟುಕೊಂಡು ಪಾಠ ಮಾಡುವುದು, ಅದನ್ನು ನಮ್ಮ ಹುಡುಗಿಯರೂ ಸವದತ್ತಿ, ರಾಮದುರ್ಗದ ಶಾಲೆಯವರೂ ಅದೇ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ನೋಡುವುದು, ಇಷ್ಟೇ ಏರ್ಪಾಡು. ಒಂದು ಗುಂಡಿ ಒತ್ತಿದರೆ ಗೊಂಬೆಯ ಎದೆ ಆರೋಗ್ಯವಂತರ ಹಾಗೆ ಬಡಿಯುತ್ತಿತ್ತು, ಇನ್ನೊಂದು ಒತ್ತಿದರೆ ಹೃದಯದಲ್ಲಿ ತೂತಿರುವ ಮಕ್ಕಳ ಹಾಗೆ. ರೋಗಿಗೆ ತ್ರಾಸು ಕೊಡದೆ ರೋಗ ಕಲಿಯಬಹುದಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ನಮ್ಮ ಚೇರ್ಮನ್ ಜಟ್ಟೆಪ್ಪನವರಿಗೆ ಪಾಠಕ್ಕಿಂತ ಸಭಾಂಗಣ ತುಂಬುವುದು ಮುಖ್ಯ. ಊರಲ್ಲಿ ಸಾರಲೆಂದು ನಾನು ‘ಆರೋಗ್ಯ ಶಿಕ್ಷಣದಲ್ಲಿ ತಂತ್ರಜ್ಞಾನ: ಅಂತರ್ಜಾಲದ ನೇರ ಪ್ರಸಾರ’ ಎಂದು ಬರೆದುಕೊಟ್ಟಿದ್ದೆ.

“ಶೈಲಜಾ ಬಾಯಾರ, ಇದನ್ನ ಕೇಳಿ ನಾಯಿನೂ ಬರಂಗಿಲ್ಲ,” ಎಂದು ಅವರು ಅದನ್ನು ಹೊಡೆದುಹಾಕಿದರು. ಮರುದಿನ ನಾನು ಪೇಟೆಯಲ್ಲಿ ಕೊತ್ತಂಬರಿ ಕೊಳ್ಳುತ್ತಿದ್ದಾಗ ಬುರಾನಸಾಬರ ಆಟೋ ಹಾದುಹೋಯಿತು. ಸಿನಿಮಾ ಬದಲಾದರೂ ನಳದ ನೀರು ನಿಂತರೂ ಮೈಕಿನಲ್ಲಿ ಊರಿಗೆ ಹೇಳುವವರು ಅವರೇ. “ಬೆಂಗಳೂರಿನ ಪ್ರಖ್ಯಾತ ಹೃದಯ ತಜ್ಞರನ್ನು ನೇರವಾಗಿ ನೋಡಿರಿ! ಮರೆಯದೇ ಬರ್ರಿ!” ಎಂದು ಅವರ ದನಿ ಚೌಕದ ತುಂಬ ಮೊಳಗಿತು. ನನಗೆ ಮೈಯೆಲ್ಲ ಉರಿಯಿತು. ಜಟ್ಟೆಪ್ಪನವರ ಹತ್ತಿರ ಹೋಗಿ ಜಗಳ ತೆಗೆದೆ.

“ಪಡದೆದ ಮ್ಯಾಲೆ ನೇರ ಕಾಣತಾರೊ ಇಲ್ಲೊ? ಮತ್ತ ಸುಳ್ಳೇನೈತಿ ಅದರಾಗ?” ಎಂದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಪ್ರಸಾರದ ದಿನ ಚಿತ್ರ ಬರುತ್ತಿತ್ತು, ನಿಲ್ಲುತ್ತಿತ್ತು. ನಾನು ಮೋಡೆಮ್ಮಿನ ದೀಪವನ್ನೇ ನೋಡುತ್ತ ಕುಲದೇವರನ್ನೆಲ್ಲ ನೆನೆಯುತ್ತಿದ್ದೆ. ಬುರಾನಸಾಬರು ಇಸ್ತ್ರಿಯ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮೊಮ್ಮಗಳು ಮಹೇಕ್, ಎರಡನೆಯ ಇಯತ್ತೆಯ ಹುಡುಗಿ, ಈದಿನ ಜರಿ ಫ್ರಾಕು. ಸಾರಿದವರು ತಾವೂ ನೋಡಲು ಬಂದಿದ್ದಾರೆ ಎಂದುಕೊಂಡೆ.

ಡಾಕ್ಟರರು ಮೊದಲು ತೂತಿನ ಗುಂಡಿ ಒತ್ತಿದರು. ಬಡಿತದ ನಡುವೆ ಸುಯ್ ಸುಯ್ ಎಂಬ ಸದ್ದು ಸಭಾಂಗಣದಲ್ಲೆಲ್ಲ ಕೇಳಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಇನ್ನೊಂದು ಗುಂಡಿ ಒತ್ತಿ, ಹೃದಯ ಸರಿಯಿದ್ದ ಮಗುವಿಗೆ ಹೇಗೆ ಧೈರ್ಯ ಹೇಳಬೇಕೆಂದು ತೋರಿಸತೊಡಗಿದರು. ಗೊಂಬೆಯ ತಲೆಯ ಹಿಂದೆಯೇ ಅವರ ಕ್ಯಾಮೆರಾ ಇತ್ತು. ಹಾಗಾಗಿ ಅವರು ನಮ್ಮನ್ನೇ ನೋಡಿ ನಕ್ಕಂತೆ ಕಂಡಿತು.

ಆಗಲೇ ಬುರಾನಸಾಬರು ಎದ್ದು, ಮಹೇಕಳನ್ನು ಎರಡೂ ಕೈಯಿಂದ ಎತ್ತಿ ಪರದೆಗೆ ಹಿಡಿದರು. “ಸಾಹೇಬ್ರ, ಈಕಿನ್ನ ಒಂದೀಟ ನೋಡ್ರಿ!”

“ಏನೂ ಭಯ ಇಲ್ಲ ಪುಟ್ಟಾ,” ಎಂದರು ಡಾಕ್ಟರರು. “ನಿನ್ನ ಹೃದಯ ಚೆನ್ನಾಗಿದೆ. ಆರಾಮಾಗಿ ಮನೆಗೆ ಹೋಗು.”

ಬುರಾನಸಾಬರು ಅಲ್ಲೇ ಕುಸಿದು ಕುಳಿತು ಅಳತೊಡಗಿದರು. ನಾನು ಓಡಿದೆ. ಮಗುವಿನ ತುಟಿ ನೇರಳೆ ಹಣ್ಣು ತಿಂದಂತೆ ನೀಲಿಯಾಗಿತ್ತು. ಸ್ಟೆಥಾಸ್ಕೋಪ್ ಇಟ್ಟೆ. ಈಗಷ್ಟೇ ಚಪ್ಪಾಳೆ ಗಿಟ್ಟಿಸಿದ ಆ ಸುಯ್ ಸುಯ್ ಸದ್ದು ಆ ಸಣ್ಣ ಎದೆಯೊಳಗೆ ಗೊಂಬೆಗಿಂತ ಜೋರಾಗಿತ್ತು.

“ಚಾಚಾ, ಅವ್ರಿಗೆ ನಾವು ಕಾಣಂಗಿಲ್ಲ. ನಾವಷ್ಟ ಅವ್ರನ್ನ ನೋಡೂದು. ನಾಳೆನ ಬೆಳಗಾವಿಗೆ ಕರಕೊಂಡು ಹೋಗ್ರಿ, ನಾನೂ ಬರತೇನಿ.”

“ಬೆಳಗಾವ್ಯಾಗ ಎದಿ ಕೊಯ್ಯಬೇಕಂತಾರ ಬಾಯಾರ. ಕೂಸಿನ ಎದಿ!” ಎಂದರು. ಕಣ್ಣೊರೆಸಿಕೊಂಡು ನಕ್ಕರು. “ನೀವs ಕೇಳಿದ್ರೆಲ್ಲ, ದೊಡ್ಡ ಡಾಕ್ಟರು ಏನಂದ್ರು ಅಂತ. ಪುಟ್ಟಾ ಅಂತ ಕರದ್ರು.”

ನಾನು ಬಿಡಲಿಲ್ಲ. ಅವರ ಮನೆಗೇ ಹೋದೆ. ಅವರ ಮಗಳು, ಮಹೇಕಳ ತಾಯಿ ಖತಿಜಾಬಿ ನನ್ನ ಮಾತು ನಂಬಿ ಬಟ್ಟೆ ಕಟ್ಟಿದಳು. ಅಪ್ಪ ಬಾಗಿಲಿಗೆ ಅಡ್ಡ ನಿಂತರು. “ಆರಾಮ ಅದಾಳ ಅಂದ ಕೂಸಿನ್ನ ಕೊಯ್ಯಾಕ ಕೊಡತಿಯೇನ?” ಎಂದು ಕೂಗಿದರು. ಗಂಡ ಗೋವೆಯಲ್ಲಿ, ತಾನು ಅಪ್ಪನ ಆಸರೆಯಲ್ಲಿ. ಖತಿಜಾಬಿ ಗಂಟು ಬಿಚ್ಚಿದಳು. ಆ ಮುದುಕರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅವರಷ್ಟು ಆ ಮಗುವನ್ನು ಪ್ರೀತಿಸಿದವರನ್ನೂ ನಾನು ಕಂಡಿಲ್ಲ.

ರಂಜಾನ್ ತಿಂಗಳಲ್ಲಿ ಮಹೇಕ್ ತೀರಿಕೊಂಡಳು. ಜ್ವರ ಬಂತು, ಉಸಿರು ಸಿಗಲಿಲ್ಲ, ಅಷ್ಟೇ.

ಹಬ್ಬ ಕಳೆದ ಮೇಲೆ ಬುರಾನಸಾಬರು ಶಾಲೆಗೆ ಬಂದರು. ಬೈಯಲು ಬಂದಿದ್ದಾರೆ, ಬೈಯಲಿ ಎಂದುಕೊಂಡೆ.

“ಬಾಯಾರ, ಅವತ್ತಿನ ಕಾರ್ಯಕ್ರಮದ ಸೀಡಿ ಐತೇನ್ರಿ? ಅಲ್ಲಾನ ಮರ್ಜಿ, ಡಾಕ್ಟರ್ ಆದ್ರೂ ಏನ್ ಮಾಡ್ಯಾರು. ನಮ್ಮ ಹತ್ರ ಕೂಸಿಂದು ಒಂದs ಒಂದ ಫೋಟೋ ಇಲ್ರಿ. ಆ ಸೀಡಿ ಒಳಗ ಇರತಾಳಲ್ಲ, ಎತ್ತಿ ಹಿಡಿದಿದ್ನೆಲ್ಲ.”

ಅದರಲ್ಲಿ ಡಾಕ್ಟರರಷ್ಟೇ ಇದ್ದಾರೆ ಎನ್ನಲು ನನಗೆ ಬಾಯಿ ಬರಲಿಲ್ಲ. ಬೆಂಗಳೂರಿನಿಂದ ಕಳಿಸಿದ್ದ ಸೀಡಿ ಹಾಕಿದೆ. ಅವರು ಕುರ್ಚಿಯ ತುದಿಗೆ ಕುಳಿತರು. ಪಾಠ ಸಾಗಿತು. ಗೊಂಬೆಯ ಎದೆ ಬಡಿಯಿತು. “ಈಗ ಬರತಾಳ ನೋಡ್ರಿ,” ಎಂದರು. ಡಾಕ್ಟರರು ನಕ್ಕರು, ಪುಟ್ಟಾ ಎಂದರು, ಮನೆಗೆ ಹೋಗು ಎಂದರು. ಪಾಠ ಮುಗಿದು ಪರದೆ ಕಪ್ಪಾಯಿತು.

“ಹಿಂದಕ ಹಾಕ್ರಿ,” ಎಂದರು. ಹಾಕಿದೆ. ಪರದೆಯ ಹತ್ತಿರ ಹೋಗಿ ನಿಂತು ನೋಡಿದರು. ಮತ್ತೆ ಡಾಕ್ಟರರು ನಕ್ಕರು.

ಆಮೇಲೆ ನನ್ನತ್ತ ತಿರುಗಿದರು.

“ಅಂದ್ರ ಅವ್ರು ನಮ್ಮ ಮಹೇಕ್‌ನ್ನ ನೋಡೇ ಇಲ್ಲೇನ್ರಿ?”

“ಇಲ್ಲ ಚಾಚಾ.”

“ಮತ್ತ ಮನಿಗಿ ಹೋಗು ಅಂದದ್ದು? ಯಾರಿಗಿ ಅಂದ್ರು?”

ನನ್ನ ಕಣ್ಣು ಆಗಲೇ ತುಂಬಿತ್ತು.

“ಗೊಂಬಿಗಿ ಅಂದ್ರು ಚಾಚಾ,” ಎಂದೆ.