ಚಾರ್ಮಿನಾರಿಗೆ ಮೂರನೆಯ ಸಲ

ಮೆಟ್ರೋ ರೈಲಿನ ಬಾಗಿಲು ಮುಚ್ಚಿ, ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನು ಹಿಂದೆ ಸರಿಯತೊಡಗಿದ ಮೇಲೆಯೇ ಚನ್ನಯ್ಯನ ಕಣ್ಣು ಅತ್ತೆಯ ಬರಿಗಾಲಿನ ಮೇಲೆ ಬಿದ್ದದ್ದು.

"ಅತ್ತಿ, ನಿಮ್ಮ ಚಪ್ಪಲಿ ಎಲ್ಲ್ಯವರಿ?"

"ಹೊರಗ ಬಿಟ್ಟೀನಿ," ಎಂದಳು ಗೊಲ್ಲಾಳಮ್ಮ, ಇದೂ ಒಂದು ಕೇಳುವ ಮಾತೇ ಎನ್ನುವಂತೆ. "ಒಳಗ ಇಷ್ಟು ಫಳಫಳ ಅನ್ನಾಕತ್ತದ, ಮೆಟ್ಟಿಕೊಂಡು ಹೆಂಗ ಬರ್ಲಿ? ಮಂದಿ ಮನ್ಯಾಗ ಹಂಗ ಹೋಗ್ತಾರೇನು?"

ಎಪ್ಪತ್ತೆರಡು ವರ್ಷ ಕಕ್ಕೇರಾದಲ್ಲಿ ಬಾಳಿದ ಕಾಲು ಅದು. ಹೊಸ್ತಿಲು ಕಂಡರೆ ಸಾಕು, ಚಪ್ಪಲಿ ತಾನಾಗಿ ಕಳಚುತ್ತದೆ. ಇಲ್ಲಿ ಬಾಗಿಲು ತೆರೆದದ್ದೇ ತಡ, ಒಳಗಿನಿಂದ ತಣ್ಣನೆ ಗಾಳಿ ಬೀಸಿತ್ತು, ನೆಲದಲ್ಲಿ ಮುಖ ಕಾಣುತ್ತಿತ್ತು. ಮುದುಕಿ ಹಳದಿ ಗೆರೆಯ ಆಚೆ ಜೋಡನ್ನು ಓರಣವಾಗಿ ಬಿಟ್ಟು, ರೈಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಿದ್ದಳು. ಅಳಿಯ, ಮಗಳು ಇಬ್ಬರೂ ಸೀಟು ಹಿಡಿಯುವ ಗಡಿಬಿಡಿಯಲ್ಲಿ ನೋಡಿರಲಿಲ್ಲ.

ಮಗಳು ಗುರುದೇವಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಚನ್ನಯ್ಯನಿಗೆ ನಗು ಬರಲಿಲ್ಲ. ಆಯಿತಲ್ಲ, ಈ ಸಲವೂ ಕೆಟ್ಟಿತು ಎಂದುಕೊಂಡ.

ಅವನ ಹೆದರಿಕೆಗೆ ಕಾರಣವಿತ್ತು. ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟ ಚನ್ನಯ್ಯ ಮೂರು ವರ್ಷದ ಹಿಂದೆ ಬಿಳಿ ಕಾರು ಕೊಂಡಿದ್ದ. ಸುರಪುರದ ರಸ್ತೆಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕಿಟಕಿಯ ಹೊರಗೆ. ಆ ಜೋರಿನಲ್ಲೇ ಅತ್ತೆಗೆ ಚಾರ್ಮಿನಾರ್ ತೋರಿಸುತ್ತೇನೆಂದು ಹೊರಟ. ಮೊದಲ ಸಲ ಯಾವುದೋ ಫ್ಲೈಓವರ್ ಹತ್ತಿ, ಇಳಿಯುವ ದಾರಿ ತಪ್ಪಿ, ಊರಾಚೆಯ ರಿಂಗ್ ರೋಡು ಮುಟ್ಟಿ, ಹೊಳ್ಳಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಎರಡನೆಯ ಸಲ ಚಾರ್ಮಿನಾರ್ ಕೂಗಳತೆಯಲ್ಲಿತ್ತು. ಗಾಡಿ ನಿಲ್ಲಿಸಲು ಜಾಗವಿಲ್ಲದೆ ಮೂರು ಸುತ್ತು ಹೊಡೆದು, ಆಟೋದವರ ಬೈಗುಳ ತಿಂದು, ಹೆಂಡತಿಯ ಮೇಲೆ ಹರಿಹಾಯ್ದು, ಹಾಗೇ ಯಾದಗಿರಿ ದಾರಿ ಹಿಡಿದಿದ್ದ. ಆವತ್ತು ಸ್ಟಿಯರಿಂಗ್ ಮೇಲೆ ಅವನ ಕೈಗಳು ಗಡಗಡ ನಡುಗುತ್ತಿದ್ದವು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಶಹಾಪುರದ ಚನ್ನಯ್ಯ ಸಾವ್ಕಾರ ಗಾಡಿ ಓಡಿಸಲು ಹೆದರುತ್ತಾನೆಂದರೆ ಪೇಟೆಯಲ್ಲಿ ಮರ್ಯಾದೆ ಉಳಿಯುತ್ತದೆಯೇ?

ಗೊಲ್ಲಾಳಮ್ಮ ಮಾತ್ರ ಆವತ್ತೇ ಕಡ್ಡಿ ಮುರಿದಂತೆ ಹೇಳಿದ್ದಳು: "ಮೂರನೇ ಸಲಾನೂ ಹಿಂಗೇ ಆದ್ರ ನಾ ಮತ್ತ ಊರು ಬಿಟ್ಟು ಬರಾಂಗಿಲ್ಲ. ನನ್ನ ಹಣ್ಯಾಗ ಬರ್ದಿಲ್ಲ ಅನ್ಕೋತೀನಿ."

ಅದಕ್ಕೇ ಈ ಸಲ ಸುಳ್ಳು ಹೂಡಿದ್ದ. ಕ್ಲಚ್ಚು ಹೋಗಿದೆ, ರೈಲಿಗೇ ಹೋಗೋಣ ಎಂದಿದ್ದ. ಕಾರು ಮೈನುದ್ದೀನನ ಗ್ಯಾರೇಜಿನಲ್ಲಿ ಕಲ್ಲುಗುಂಡಿನ ಹಾಗಿತ್ತು.

"ಸಾವ್ಕಾರ್ರ, ಗಾಡಿಗಿ ಏನೂ ಆಗಿಲ್ಲಲ್ರಿ?" ಎಂದು ಮೈನುದ್ದೀನ ತಲೆ ಕೆರೆದುಕೊಂಡಿದ್ದ.

"ಆಗ್ಯಾದ ಅನ್ನು ಮಾರಾಯಾ, ನಿನ್ನ ಗಂಟೇನು ಹೋಗ್ತದ?"

ಹೀಗೆ ಶಹಾಪುರದಿಂದ ಯಾದಗಿರಿಗೆ ಬಸ್ಸು, ಯಾದಗಿರಿಯಿಂದ ರೈಲು, ಈಗ ಮೆಟ್ರೋ. ಎಲ್ಲ ಸರಿಯಾಗಿತ್ತು, ಚಪ್ಪಲಿಯೊಂದು ಬಿಟ್ಟು.

ಮುಂದಿನ ಸ್ಟೇಷನ್ನಿನಲ್ಲಿ ಮೂವರೂ ಇಳಿದರು. "ಇಲ್ಲೇ ಕೂಡ್ರಿ, ಅಲುಗಾಡಬ್ಯಾಡ್ರಿ," ಎಂದು ತಾಯಿ-ಮಗಳನ್ನು ಬೆಂಚಿಗೆ ಕೂಡಿಸಿ, ಚನ್ನಯ್ಯ ಮೆಟ್ಟಿಲಿಳಿದು, ಆಚೆ ಬದಿ ಹತ್ತಿ, ಎದುರಿನ ರೈಲು ಹಿಡಿದ. ನಾಂಪಲ್ಲಿಯಲ್ಲಿ ಕಾವಲಿನ ಹೆಂಗಸೊಬ್ಬಳು ನಿಂತಿದ್ದಳು. ಗಿರಾಕಿಗಳ ಜೊತೆ ದಿನಾ ಆಡಿ ಪಳಗಿದ ಅವನ ದಖ್ಖನಿ ಉರ್ದು ತಾನಾಗಿ ನಾಲಿಗೆಗೆ ಬಂತು.

"ಬಹೆನ್, ಇಧರ್ ಅಮ್ಮಾ ಕೆ ಚಪ್ಪಲಾಂ ದೇಖೆ ಕ್ಯಾ?"

ಆಕೆ ಕಿಸಕ್ಕನೆ ನಕ್ಕು ಕಂಬದ ಹಿಂದೆ ಕೈ ತೋರಿಸಿದಳು. ಜೋಡು ಅಲ್ಲಿತ್ತು. "ಅಮ್ಮಾ ಕೋ ಸಲಾಮ್ ಬೋಲೋ," ಎಂದಳು.

ಹೋಗಿ ಬರಲು ಕಾಲು ತಾಸೂ ಹಿಡಿಯಲಿಲ್ಲ. ಚಪ್ಪಲಿ ಹಿಡಿದು ರೈಲಿನಲ್ಲಿ ನಿಂತ ಚನ್ನಯ್ಯನಿಗೆ ತನ್ನಷ್ಟಕ್ಕೇ ನಗು ಬಂತು. ಅಯ್ಯ, ಇಷ್ಟೇನಾ! ಕಾರಿನಲ್ಲಿ ತಪ್ಪಿದ ಒಂದು ತಿರುವು ಇಡೀ ದಿನ ನುಂಗಿತ್ತು. ಇಲ್ಲಿ ಯಾರೂ ಹಿಂದಿನಿಂದ ಹಾರ್ನ್ ಬಡಿಯಲಿಲ್ಲ, ಯಾರೂ ಅವ್ವ-ಅಪ್ಪನನ್ನು ಎತ್ತಿ ಆಡಲಿಲ್ಲ. ಎದೆ ಹಗುರಾಗಿತ್ತು. ಆ ಹಗುರಿನಲ್ಲೇ ಬೆಂಚಿನ ಮುಂದೆ ನಿಂತು ಬಾಯಿಬಿಟ್ಟ.

"ಗುರುದೇವಿ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಗಾಡಿಗಿ ಏನೂ ಆಗಿಲ್ಲ. ಈ ಊರಾಗ ಗಾಡಿ ಹೊಡಿಯಾಕ ನಂಗ ಅಂಜಿಕಿ ಬರ್ತದ."

"ಗೊತ್ತದ," ಎಂದಳು ಗುರುದೇವಿ.

"ಏನು?"

"ಮೈನುದ್ದೀನನ ಹೆಂಡತಿ ನುಜ್ಹತ ಮೊನ್ನೆ ಹೊಲಿದ ಕುಪ್ಪಸ ಕೊಡಾಕ ಬಂದಾಗ ಹೇಳ್ಯಾಳ. 'ಗಾಡಿ ಛಲೋ ಅದ, ನಿಮ್ಮ ಸಾವ್ಕಾರ್ರಿಗಿ ಏನಾಗ್ಯಾದಕ್ಕಾ' ಅಂದ್ಳು."

"ಮತ್ತ ಯಾಕ ಸುಮ್ಕಿದ್ದಿ?"

"ಸುಮ್ಕಿರಲಾರದ ಏನ್ ಮಾಡ್ಲಿ? ನೀವು ಈ ಊರಾಗ ಗಾಡಿ ಹೊಡದಾಗೆಲ್ಲ ನಾ ಕಣ್ಣು ಮುಚ್ಚಿ 'ಶಿವಾ ಶಿವಾ' ಅಂತಿದ್ದೆ. ಕ್ಲಚ್ಚು ಹೋಗ್ಯಾದ ಅಂದಾಗ ದೇವರಿಗಿ ಕಾಯಿ ಒಡದೀನಿ, ನೋಡ್ರಿ ಮತ್ತ!"

ಗೊಲ್ಲಾಳಮ್ಮ ಚಪ್ಪಲಿಯಲ್ಲಿ ಕಾಲು ತೂರಿಸುತ್ತ ಇಬ್ಬರನ್ನೂ ನೋಡಿದಳು. "ಗಂಡ-ಹೆಂಡ್ತಿ ಪಂಚಾಯ್ತಿ ಮುಗೀತಿಲ್ಲೋ? ನಂಗ ಚಾರ್ಮಿನಾರ್ ನೋಡೂದದ."

ನೋಡಿದಳು. ಮೆಟ್ರೋ ಇಳಿದು, ಆಟೋ ಹಿಡಿದು, ಕೊನೆಯಷ್ಟು ದೂರ ಬಳೆ ಅಂಗಡಿಗಳ ನಡುವೆ ನಡೆದು. ಅಂಗಡಿಯ ಹಲಗೆಗಳ ತೆಲುಗನ್ನು ಗುರುದೇವಿ ಕನ್ನಡದಂತೆಯೇ ಅಡ್ಡಾದಿಡ್ಡಿ ಕೂಡಿಸಿ ಓದಿದಳು. ಚನ್ನಯ್ಯ ದಾರಿ ಕೇಳಿದವರೆಲ್ಲ ಅವನನ್ನು ತಮ್ಮವನೆಂದೇ ತಿಳಿದು ಕೈಹಿಡಿದು ತೋರಿಸಿದರು. ಕಾರಿನ ಗಾಜು ಏರಿಸಿ ಕೂತಿದ್ದಾಗ ಇವರೆಲ್ಲ ಎಲ್ಲಿದ್ದರೋ ಎಂದುಕೊಂಡ. ಗೊಲ್ಲಾಳಮ್ಮ ಕಟ್ಟಡದ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯವ್ವಾ, ಎಷ್ಟು ಎತ್ತರ ಅದ!" ಎಂದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಹೋಗಲಿಲ್ಲ. ಆಮೇಲೆ ಒಂದು ತಾಸು ಅಲ್ಲಿಂದ ಕದಲಲಿಲ್ಲ. ಇರಾನಿ ಚಹಾವನ್ನು ಸಾಸರಿಗೆ ಸುರಿದುಕೊಂಡು ಎರಡು ಸಲ ಕುಡಿದಳು.

ಸಂಜೆ ನಾಂಪಲ್ಲಿಗೆ ಮರಳುವ ಮೆಟ್ರೋದಲ್ಲಿ ಮೂವರಿಗೂ ಸೀಟು ಸಿಕ್ಕಿತು. ಯಾದಗಿರಿಯ ರೈಲಿಗೆ ಇನ್ನೂ ಎರಡು ತಾಸಿತ್ತು. ಚನ್ನಯ್ಯ ಕೂತದ್ದೇ ತಡ, ತಲೆ ವಾಲಿ ಹೆಂಡತಿಯ ಭುಜಕ್ಕೆ ಬಂತು. ಬಾಯಿ ಅರೆತೆರೆದಿತ್ತು, ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು.

ನಾಂಪಲ್ಲಿ ಎಂದು ದನಿ ಕೂಗಿತು. ಗೊಲ್ಲಾಳಮ್ಮ ಗಡಬಡಿಸಿ ಎದ್ದಳು. "ಏ, ನಮ್ಮ ಊರು ಬಂತು, ಎಬ್ಬಿಸು ಅವನ್ನ!"

"ಕೂಡವ್ವಾ. ಮಲಕ್ಕೊಳ್ಳಲಿ ಬಿಡು," ಎಂದಳು ಗುರುದೇವಿ. "ಮುಂದಿನ ಸ್ಟೇಷನ್ನಿನಾಗ ಇಳದು ಹೊಳ್ಳಿ ಬರೂಣು."

ಬಾಗಿಲು ತೆರೆದು, ಜನ ಇಳಿದು ಹತ್ತಿ, ಮತ್ತೆ ಮುಚ್ಚಿತು. ಗುರುದೇವಿ ಗಂಡನ ತಲೆ ಜಾರದಂತೆ ಭುಜವನ್ನು ಒಂದಿಷ್ಟು ಎತ್ತರಿಸಿ ಕೂತಳು.