ಭೂತಪ್ಪನವರ ಆಕ್ಷೇಪಣೆ

ಗಂಡನ ಲಾಟರಿ ಚಟ ಬಿಡಿಸಲು ಚಿನ್ನಮ್ಮ ಮಾಡದ ಉಪಾಯವಿರಲಿಲ್ಲ. ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದಳು, ಅಣ್ಣಂದಿರನ್ನು ಕರೆಸಿ ಬೈಸಿದಳು, ಮುನಿಸಿಕೊಂಡು ತವರಿಗೆ ಹೋಗಿ ಕೂತಳು, ಯಾರೂ ಕರೆಯಲು ಬರಲಿಲ್ಲವೆಂದು ತಾನೇ ವಾಪಸ್ಸೂ ಬಂದಳು. ಭೂತಪ್ಪ ಯಾವುದಕ್ಕೂ ಬಗ್ಗಿದ ಆಸಾಮಿಯಲ್ಲ. ಕಾರ್ಖಾನೆಯಿಂದ ವಿ.ಆರ್.ಎಸ್. ತಗೊಂಡ ಮೇಲಂತೂ ಕೇಳುವುದೇ ಬೇಡ, ಬೆಳಿಗ್ಗೆ ಎದ್ದು ಲಾಟರಿ ಅಂಗಡಿಗೆ ಡ್ಯೂಟಿಗೆ ಹೋದ ಹಾಗೆ ಹೋಗುತ್ತಿದ್ದ. ಅಂಥವನಿಗೆ ಚಟ ಬಿಡಿಸಿದ್ದು ಒಂದು ಕುರ್ಚಿ.

ಅದು 2004ನೇ ಇಸವಿ, ಲಾಟರಿ ಇನ್ನೂ ನಿಷೇಧ ಆಗಿರಲಿಲ್ಲ. ಜೂಜಿನ ಚಟದ ಬಗ್ಗೆ ಸಂಶೋಧನೆ ಮಾಡುವವರಿಗೆ ಧನಸಹಾಯ ಕೊಡುತ್ತೇವೆಂದು ಬೆಂಗಳೂರಿನ ಯಾವುದೋ ಟ್ರಸ್ಟಿನವರು ಶಿವಮೊಗ್ಗದಲ್ಲಿ ಒಂದು ಸಮಿತಿ ಮಾಡಿದರು. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಆಫೀಸು. ಬಂದ ಅರ್ಜಿಗಳನ್ನು ಓದಿ, ಯಾರಿಗೆ ಕೊಡಬೇಕು ಯಾರಿಗೆ ಕೊಡಬಾರದು ಅಂತ ಹೇಳುವುದು ಸಮಿತಿಯ ಕೆಲಸ. ಮೇಷ್ಟ್ರು, ಡಾಕ್ಟ್ರು ಎಲ್ಲ ಇದ್ದರು. ಜೊತೆಗೆ ಲಾಟರಿ ಆಡಿ ಬಿಟ್ಟವನೊಬ್ಬ ಇರಲೇಬೇಕು, ಅವನು ಒಪ್ಪದೆ ಯಾವ ಅರ್ಜಿಯೂ ಪಾಸಾಗಬಾರದು ಅಂತ ನಿಯಮ. ಪೇಪರಿನಲ್ಲಿ ಹಾಕಿಸಿದ್ದೇ ತಡ, ಬಿಟ್ಟವರು ಸಾಲುಗಟ್ಟಿ ಬಂದರು. ಅಧ್ಯಕ್ಷರು ಯಜ್ಞನಾರಾಯಣ ಅಂತ ನಿವೃತ್ತ ಪ್ರೊಫೆಸರು, ಬಲು ಕಟ್ಟುನಿಟ್ಟು. ಒಬ್ಬೊಬ್ಬರದೇ ಜೇಬು ತೋರಿಸಲು ಹೇಳಿದರು. ಟಿಕೆಟ್ಟಿಲ್ಲದ ಜೇಬು ಭೂತಪ್ಪನದೊಂದೇ. ಟೈಫಾಯ್ಡ್ ಬಂದು ಮಲಗಿದ್ದವನನ್ನು ಚಿನ್ನಮ್ಮ ಆಗಷ್ಟೇ ಎಬ್ಬಿಸಿ ಕರಕೊಂಡು ಹೋಗಿದ್ದಳು, ಟಿಕೆಟ್ ಕೊಳ್ಳಲು ಅವನಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಇವಳೂ ಹೇಳಲು ಹೋಗಲಿಲ್ಲ.

ಮೇಜಿನ ಮೇಲೆ ‘ಶ್ರೀ ಭೂತಪ್ಪನವರು, ಅನುಭವಿ ಸದಸ್ಯರು’ ಅಂತ ಹಲಗೆ ಇಟ್ಟರು. ಸಭೆಯ ದಿನ ಕರೆದೊಯ್ಯಲು ಭದ್ರಾವತಿ ಓಲ್ಡ್ ಟೌನಿನ ಅವರ ಗಲ್ಲಿಗೇ ಅಂಬಾಸಡರ್ ಕಾರು ಬರತೊಡಗಿತು. ‘ಏನೋ ಭೂತ’ ಅನ್ನುತ್ತಿದ್ದವರು ‘ಏನ್ ಸಾರ್, ಮೀಟಿಂಗಾ’ ಅನ್ನತೊಡಗಿದರು. ಇಂಥ ಮನುಷ್ಯ ಲಾಟರಿ ಅಂಗಡಿ ಮುಂದೆ ನಿಂತರೆ ಮರ್ಯಾದೆ ಏನಾಗಬೇಕು? ಭೂತಪ್ಪ ನಿಲ್ಲಲಿಲ್ಲ. ದೇವರಿಗೆ ಹೆದರದವನು ಹಲಗೆಗೆ ಹೆದರಿದನಲ್ಲ ಅಂತ ಚಿನ್ನಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು. ಬಿಟ್ಟನಲ್ಲ, ಅಷ್ಟು ಸಾಕು ಅಂದುಕೊಂಡಳು.

ಆ ನೆಮ್ಮದಿ ಅರ್ಜಿಗಳನ್ನು ತೆರೆದ ಸಭೆವರೆಗೆ ಮಾತ್ರ. ಬಂದಿದ್ದ ಅರ್ಜಿಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಅವತ್ತೇ ಬಿದ್ದುಹೋದವು. ಉಳಿದದ್ದು ಮೈತ್ರಿ ಎಂಬ ಲೆಕ್ಚರರ್ ಹುಡುಗಿಯದು, ಭದ್ರಾವತಿಯಲ್ಲಿ ಲಾಟರಿ ಆಡುವವರ ಹೆಂಡತಿಯರನ್ನು ಮಾತಾಡಿಸಿ ಅಧ್ಯಯನ ಮಾಡುವುದು.

“ಚೆನ್ನಾಗಿದೆ, ಒಪ್ಕೊಂಡುಬಿಡ್ತೀವಿ” ಅಂದ ಭೂತಪ್ಪ, ಊಟಕ್ಕೆ ಕೂತು.

“ಆಮೇಲೆ?”

“ಆಮೇಲೇನು, ಸಮಿತಿ ಕೆಲಸ ಮುಗೀತು.”

ಚಿನ್ನಮ್ಮ ಲೆಕ್ಕ ಹಾಕಿದಳು. ಸಮಿತಿ ಮುಗಿದರೆ ಕುರ್ಚಿಯಿಲ್ಲ, ಕಾರಿಲ್ಲ, ಸಾರ್ ಅನ್ನುವವರಿಲ್ಲ. ಇವನು ಅವತ್ತು ಸಂಜೆಯೇ ಅಂಗಡಿ ಮುಂದೆ ಹಾಜರು. ಸಾರಿನ ಸೌಟು ಹಿಡಿದು ನಿಂತಲ್ಲೇ ಅವಳಿಗೆ ಒಂದು ಮಾತು ಹೊಳೆಯಿತು.

“ಭದ್ರಾವತಿಯವರನ್ನ ಮಾತ್ರ ಕೇಳಿದ್ರೆ ಆಯ್ತಾ? ಶಿವಮೊಗ್ಗದವರು ಆಡಲ್ವಾ?”

ಭೂತಪ್ಪ ತುತ್ತು ಹಿಡಿದು ಯೋಚಿಸಿದ. ಮುಂದಿನ ಸಭೆಯಲ್ಲಿ ಹಾಗೇ ಹೇಳಿದ. ಯಜ್ಞನಾರಾಯಣರು ಕನ್ನಡಕ ತೆಗೆದು, “ಗಹನವಾದ ಆಕ್ಷೇಪಣೆ” ಅಂದರು. ಅರ್ಜಿ ತಿದ್ದಲು ವಾಪಸ್ ಹೋಯಿತು.

ಮೈತ್ರಿ ಶಿವಮೊಗ್ಗ ಸೇರಿಸಿ ತಂದಳು. “ಎರಡೂ ಊರು ಸೇರಿಸಿದ್ರೆ ಕಲಸುಮೇಲೋಗರ ಆಗಲ್ವೇನ್ರೀ?” ಅಂದಳು ಚಿನ್ನಮ್ಮ, ಅಕ್ಕಿ ಆರಿಸುತ್ತ. ಅದೂ ಗಹನವೇ ಆಯಿತು. ಶಿವಮೊಗ್ಗ ತೆಗೆದು ತಂದಾಗ, “ಹೆಂಗಸರು ನಿಜ ಹೇಳ್ತಾರೆ ಅಂತ ಏನು ಗ್ಯಾರಂಟಿ?” ಅಂದಳು. ಇದಕ್ಕೆ ಸಮಿತಿಯವರು ಒಂದಿಡೀ ಮಧ್ಯಾಹ್ನ ಚರ್ಚೆ ಮಾಡಿ, ತೀರ್ಮಾನವಾಗದೆ ವಡೆ ತಿಂದು ಎದ್ದರು. ಭೂತಪ್ಪನವರ ಕಣ್ಣು ತಪ್ಪಿಸಿ ಅರ್ಜಿ ಪಾಸಾಗುವುದು ಕಷ್ಟ ಅಂತ ಕಾಲೇಜುಗಳಲ್ಲೆಲ್ಲ ಸುದ್ದಿಯಾಯಿತು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಭೂತಪ್ಪ ಟಿಕೆಟ್ ಮುಟ್ಟಲಿಲ್ಲ. ಆ ಹುಡುಗಿ ಹಾಳಾಗಿ ಹೋಗಲಿ, ಇನ್ನೊಂದು ವರ್ಷ ತಿದ್ದುತ್ತಿರಲಿ ಅಂತ ಚಿನ್ನಮ್ಮ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದಳು. ಹಾಗೆ ಬೇಡಿಕೊಂಡದ್ದಕ್ಕೆ ಅವಳಿಗೇನೂ ನಾಚಿಕೆಯಾಗಲಿಲ್ಲ.

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಭೂತಪ್ಪ ಕ್ಷೌರಕ್ಕೆ ಹೋಗಿದ್ದಾಗ, ಆ ಹುಡುಗಿ ಮನೆಗೇ ಬಂದಳು.

“ಅವರಿಲ್ಲ” ಅಂದಳು ಚಿನ್ನಮ್ಮ.

“ಅವರಿಲ್ಲದ ಹೊತ್ತು ನೋಡ್ಕೊಂಡೇ ಬಂದೆ ಅಮ್ಮ. ಅರ್ಜಿ ಹಾಕಿದವರು ಸಮಿತಿಯವರನ್ನ ನೋಡಬಾರದು ಅಂತ ನಿಯಮ. ಅವರ ಮನೆಯವರನ್ನ ನೋಡಬಾರದು ಅಂತೇನೂ ಬರೆದಿಲ್ಲ.” ಮೈತ್ರಿ ಬಾಗಿಲಲ್ಲೇ ಕೂತುಬಿಟ್ಟಳು. ಬಿಸಿಲಿಗೆ ಮುಖ ಬಾಡಿತ್ತು. “ಇವತ್ತೇ ಕೊನೇ ಸಭೆ. ತಿಂಗಳ ಕೊನೆಯೊಳಗೆ ಮಂಜೂರಾಗದಿದ್ರೆ ಹಣ ಬೆಂಗಳೂರಿಗೆ ವಾಪಸ್. ಮತ್ತೆ ಬರಲ್ಲ. ಅವರಿಗೆ ಇನ್ನೂ ಏನು ಬೇಕು ಅಂತ ನೀವಾದ್ರೂ ಕೇಳಿ ಹೇಳಿ.”

ಚಿನ್ನಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಕಾಫಿ ಕೊಟ್ಟಳು. ಏನಾದರೂ ಮಾತಾಡಬೇಕಲ್ಲ ಅಂತ, “ಆ ಹೆಂಗಸರನ್ನ ಏನಂತ ಕೇಳ್ತೀಯಮ್ಮ?” ಅಂದಳು.

“ಮೊದಲನೇ ಪ್ರಶ್ನೆ, ಮನೆಯವರು ಆಡದೆ ಇರೋ ದಿನ ನೀವೇನು ಮಾಡ್ತೀರಿ ಅಂತ.”

“ಕಾಯ್ತೀನಿ” ಅಂದುಬಿಟ್ಟಳು ಚಿನ್ನಮ್ಮ. ತಡೆಯುವಷ್ಟರಲ್ಲಿ ಬಾಯಿಂದ ಬಂದಾಗಿತ್ತು. “ಮತ್ತೆ ಯಾವತ್ತು ಹೋಗ್ತಾರೋ ಅಂತ ಕಾಯ್ತೀನಿ.”

ಮೈತ್ರಿ ಲೋಟ ಕೆಳಗಿಟ್ಟಳು. “ಈ ಬೀದಿಯಲ್ಲೇ ಮೂರು ಮನೆ ಕೇಳಿದ್ದೀನಮ್ಮ. ಮೂವರೂ ಇದನ್ನೇ ಹೇಳಿದ್ರು.”

“ಈ ಬೀದೀಲಾ?”

“ಈ ಬೀದೀಲೇ.”

ಹುಡುಗಿ ಹೋದ ಮೇಲೆ ಚಿನ್ನಮ್ಮ ಹೊಸ್ತಿಲ ಮೇಲೆ ಕೂತು ಬೀದಿಯ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. ನೀರು ಹಿಡಿಯುವಾಗ, ಹೂ ಕಟ್ಟುವಾಗ ದಿನಾ ಸಿಗುತ್ತಿದ್ದ ಹೆಂಗಸರು. ಒಬ್ಬಳೂ ಬಾಯಿ ಬಿಟ್ಟವಳಲ್ಲ, ತಾನೂ ಬಿಟ್ಟವಳಲ್ಲ. ತನ್ನೊಬ್ಬಳ ಗ್ರಹಚಾರ ಅಂದುಕೊಂಡು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ಈಗ ಅಳು ಬಂತು. ಅತ್ತಳು.

ಭೂತಪ್ಪ ಬಂದವನು ಬಿಸಿನೀರು ಕೇಳಿದ.

“ಆಮೇಲೆ ಸ್ನಾನ. ಮೊದಲು ಹೋಗಿ ಆ ಹುಡುಗಿ ಅರ್ಜಿ ಒಪ್ಪಿಕೊಂಡು ಬನ್ನಿ. ಇನ್ನೇನೂ ಆಕ್ಷೇಪಣೆ ಇಲ್ಲ ಅನ್ನಿ.”

“ಇದೆ” ಅಂದ ಭೂತಪ್ಪ.

“ಎಲ್ಲಿದೆ? ಆಕ್ಷೇಪಣೆ ಎಲ್ಲ ನಾನೇ ಹೇಳಿಕೊಟ್ಟಿದ್ದು! ನೀವು ಮತ್ತೆ ಆ ಅಂಗಡಿಗೆ ಹೋಗ್ತೀರಿ ಅನ್ನೋ ಭಯಕ್ಕೆ ಹೇಳಿಕೊಟ್ಟೆ ಕಣ್ರೀ. ಸಮಿತಿ ಮುಗಿಯೋದೇ ಬೇಡ ಅಂತ.”

“ಗೊತ್ತು.”

“ಗೊತ್ತಿದ್ದೂ ಹೋಗಿ ಹೇಳ್ತಿದ್ರಾ?”

ಭೂತಪ್ಪ ಹೊಸದಾಗಿ ಬೋಳಿಸಿದ ಗಲ್ಲ ಸವರಿಕೊಂಡ. “ಇದು ನಂದೇ ಆಕ್ಷೇಪಣೆ. ಆ ಹುಡುಗಿ ಪ್ರಶ್ನೆ ಎಲ್ಲ ಹೆಂಗಸರಿಗೇ. ಆಡಿ ಬಿಟ್ಟವನನ್ನ ಯಾರೂ ಏನೂ ಕೇಳಲ್ಲ.”

“ಏನಂತ ಕೇಳಬೇಕಿತ್ತು?”

“ಹೆದರಿಕೆ ಆಗುತ್ತಾ ಅಂತ.”

ಚಿನ್ನಮ್ಮ ಕೇಳಿದಳು, “ಆಗುತ್ತಾ?”

“ಆಗುತ್ತೆ ಮಾರಾಯ್ತಿ” ಅಂದ ಭೂತಪ್ಪ. “ದಿನಾ ಆಗುತ್ತೆ.”

ಸಮಿತಿಯ ಕಾರಿನ ಬಾಡಿಗೆ ದುಡ್ಡು ಫೆಬ್ರವರಿಯಲ್ಲೇ ಮುಗಿದಿತ್ತು. ಚಿನ್ನಮ್ಮ ಸೀರೆ ಬದಲಾಯಿಸಿ ಮನೆಗೆ ಬೀಗ ಹಾಕಿದಳು, ಇಬ್ಬರೂ ಬಸ್ಸಿಗೆ ಶಿವಮೊಗ್ಗಕ್ಕೆ ಹೋದರು. ಭೂತಪ್ಪನವರಿಗೆ ಯಾವ ಆಕ್ಷೇಪಣೆಯೂ ಇಲ್ಲವೆಂದು ಕೇಳಿ ಯಜ್ಞನಾರಾಯಣರು ಎರಡು ಸಲ, “ಖಂಡಿತವಾಗಿಯೂ?” ಅಂದರು. ಅರ್ಜಿ ಮಂಜೂರಾಯಿತು. ಅನುಭವಿ ಸದಸ್ಯರ ಸೇವೆಯನ್ನು ಕೊಂಡಾಡಿ ಒಂದು ಹಾರ ಹಾಕಿದರು, ಅಲ್ಲಿಗೆ ಸಮಿತಿ ಮುಗಿಯಿತು.

ಬಸ್ ಸ್ಟ್ಯಾಂಡಿನ ಎದುರು ಲಾಟರಿ ಅಂಗಡಿಗಳ ಸಾಲು. ಮೈಕಿನಲ್ಲಿ ಕೂಗುತ್ತಿದ್ದರು, ಇವತ್ತೇ ಡ್ರಾ, ಇನ್ನು ಅರ್ಧ ಗಂಟೆ. ಭೂತಪ್ಪನ ನಡಿಗೆ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟ. ಚಿನ್ನಮ್ಮ ಬೈಯಲಿಲ್ಲ, ಪಕ್ಕದಲ್ಲಿ ನಿಂತಳು.

“ಕೈ ಹಿಡ್ಕೋ” ಅಂದ ಭೂತಪ್ಪ, ಅವಳ ಕಡೆ ನೋಡದೆ.

ರಸ್ತೆಯಲ್ಲಿ ಗಂಡನ ಕೈ ಹಿಡಿದವಳಲ್ಲ ಅವಳು. ಸುತ್ತ ನೋಡಿದಳು. ಓಲ್ಡ್ ಟೌನಿನ ಕಲ್ಲಮ್ಮ ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತ ಇತ್ತಲೇ ನೋಡುತ್ತಿದ್ದಳು. ನೋಡಿಕೊಳ್ಳಲಿ ಅಂತ ಚಿನ್ನಮ್ಮ ಕೈ ಹಿಡಿದಳು. ಅವನ ಅಂಗೈ ಬೆವರಿ ಒದ್ದೆಯಾಗಿತ್ತು. ಇಬ್ಬರೂ ಹಾಗೇ ಅಂಗಡಿಗಳ ಸಾಲು ದಾಟಿದರು.

“ನಾಳೆ?” ಅಂದ ಭೂತಪ್ಪ.

“ನಾಳೆನೂ ಹಿಡ್ಕೋತೀನಿ.”

“ನಾಡಿದ್ದು?”

“ಬಸ್ ಹೊರಡುತ್ತೆ” ಅಂದಳು ಚಿನ್ನಮ್ಮ. “ನಡೀರಿ.”